ಬೆಟ್ಟದಿಂದ ಹಿಂದಕ್ಕೆ ಎಣಿಸಿ: ದೂರದ ಪರ್ವತ ಚಾರಣಕ್ಕೆ ವಿಮಾನ ಪ್ರಯಾಣ ಯೋಜಿಸುವ ಬಗೆ

ಓದುಗರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: ‘ದೂರದ ದೇಶದ ಬೆಟ್ಟಕ್ಕೆ ಹೋಗಬೇಕೆಂದಿದ್ದೇವೆ, ಟಿಕೆಟ್ ಯಾವಾಗ ತೆಗೆದರೆ ಅಗ್ಗ?’ ಈ ಪ್ರಶ್ನೆಯಿಂದ ಶುರು ಮಾಡಿದವರ ಯೋಜನೆಯೇ ಹೆಚ್ಚಾಗಿ ಮುರಿದು ಬೀಳುವುದನ್ನು ಕಂಡಿದ್ದೇನೆ. ಅಗ್ಗದ ಟಿಕೆಟ್ ಸಿಗುತ್ತದೆ, ಅದಕ್ಕೆ ತಕ್ಕಂತೆ ರಜೆ ಹಾಕುತ್ತಾರೆ, ರಜೆಗೆ ತಕ್ಕಂತೆ ಚಾರಣವನ್ನು ಎರಡು ದಿನ ಮೊಟಕು ಮಾಡುತ್ತಾರೆ. ಮೊಟಕಾಗುವ ಆ ಎರಡು ದಿನಗಳು ಮೈ ಎತ್ತರಕ್ಕೆ ಒಗ್ಗಿಕೊಳ್ಳಲು ಬೇಕಾದ ದಿನಗಳೇ ಆಗಿರುತ್ತವೆ.

ಮೊದಲು ಕೇಳಬೇಕಾದದ್ದು ಬೇರೆ. ನಡಿಗೆ ಶುರುವಾಗುವ ದಿನ ಬೆಳಿಗ್ಗೆ ನಾನು, ನನ್ನ ಬೂಟು, ನನ್ನ ಪರವಾನಗಿ ಪತ್ರ ಮೂರೂ ಬೆಟ್ಟದ ಬುಡದಲ್ಲಿ ಒಟ್ಟಿಗೆ ಇರಬೇಕು, ಮೈಯೂ ಸಿದ್ಧವಾಗಿರಬೇಕು. ಹಾಗಾಗಬೇಕಾದರೆ ಎಷ್ಟು ದಿನ ಮುಂಚೆ ಹೊರಡಬೇಕು? ಲೆಕ್ಕ ಬೆಟ್ಟದಿಂದ ಹಿಂದಕ್ಕೆ ಸಾಗಿ ಕೊನೆಗೆ ನಿಮ್ಮ ಮನೆಯ ಬಾಗಿಲಿಗೆ ಬರಬೇಕು. ಕೆಳಗಿನ ಹಂತಗಳನ್ನು ಆ ಕ್ರಮದಲ್ಲೇ ಬರೆದಿದ್ದೇನೆ.

1. ಋತು ಮತ್ತು ಪರವಾನಗಿ

ನೇಪಾಳದ ಎತ್ತರದ ದಾರಿಗಳಿಗೆ ಅಕ್ಟೋಬರ್–ನವೆಂಬರ್ ಮತ್ತು ಮಾರ್ಚ್‌ನಿಂದ ಮೇವರೆಗಿನ ಕಾಲ ಒಳ್ಳೆಯದು. ಟಾಂಜಾನಿಯಾದ ಕಿಲಿಮಂಜಾರೋಗೆ ಜನವರಿ–ಫೆಬ್ರವರಿ, ಇಲ್ಲವೇ ಜೂನ್‌ನಿಂದ ಅಕ್ಟೋಬರ್. ಅರ್ಜೆಂಟೀನಾದ ಅಕೊಂಕಾಗುವಾ ಏರುವವರು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗುತ್ತಾರೆ. ಭೂಮಧ್ಯರೇಖೆಯ ದಕ್ಷಿಣಕ್ಕೆ ಋತುಗಳು ತಿರುವುಮುರುವು ಎಂಬುದು ಶಾಲೆಯಲ್ಲೇ ಕಲಿತ ಪಾಠ. ಆದರೂ ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್‌ಗೆ ಜುಲೈನಲ್ಲಿ ಟಿಕೆಟ್ ತೆಗೆದು, ನಡೆಯಬೇಕೆಂದಿದ್ದ ಕಣಿವೆಗಳಲ್ಲಿ ಹಿಮ ತುಂಬಿರುವುದನ್ನು ಆಮೇಲೆ ತಿಳಿದುಕೊಳ್ಳುವವರಿದ್ದಾರೆ.

ಋತು ಗೊತ್ತಾದ ಮೇಲೆ ಪರವಾನಗಿ ನೋಡಿ. ಪೆರುವಿನ ಇಂಕಾ ದಾರಿಯನ್ನು ಪ್ರತಿವರ್ಷ ಫೆಬ್ರವರಿಯಲ್ಲಿ ದುರಸ್ತಿಗೆಂದು ಮುಚ್ಚುತ್ತಾರೆ. ಉಳಿದ ದಿನಗಳಲ್ಲಿ, ಮಾರ್ಗದರ್ಶಿಗಳು ಮತ್ತು ಹೊರೆಯಾಳುಗಳೂ ಸೇರಿ, ದಿನಕ್ಕೆ 500 ಜನರಿಗಷ್ಟೇ ಪ್ರವೇಶ. ಪರವಾನಗಿ ನಿಮ್ಮ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆಗೆ ಬರೆದಿರುತ್ತದೆ, ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ. ಇಂಥ ದಾರಿಗಳಿಗೆ ಮೊದಲು ಪರವಾನಗಿ, ಆಮೇಲೆ ವಿಮಾನದ ಟಿಕೆಟ್.

ಎಚ್ಚರಿಕೆ: ಪಾಸ್‌ಪೋರ್ಟ್ ನವೀಕರಿಸುವುದಿದ್ದರೆ ಪರವಾನಗಿಗೆ ಅರ್ಜಿ ಹಾಕುವ ಮುಂಚೆಯೇ ಮುಗಿಸಿಕೊಳ್ಳಿ. ನಡುವೆ ಸಂಖ್ಯೆ ಬದಲಾದರೆ ಏರ್ಪಾಟು ಮಾಡಿದವರಿಗೆ ಕೂಡಲೇ ತಿಳಿಸಿ, ಹಳೆಯ ಪಾಸ್‌ಪೋರ್ಟನ್ನೂ ಜೊತೆಗೆ ಒಯ್ಯಿರಿ.

2. ಮೊದಲ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ?

ಇಡೀ ಯೋಜನೆಯಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಇಲ್ಲೇ. ನೀವೂ ಇಲ್ಲಿ ಅವಸರ ಮಾಡಬೇಡಿ.

ಗಾಳಿ ತೆಳುವಾದಂತೆ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ಸುಮಾರು 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ಎತ್ತರದ ಕಾಯಿಲೆ ಬರಬಹುದು: ತಲೆನೋವು, ವಾಕರಿಕೆ, ಸುಸ್ತು, ನಿದ್ದೆಗೇಡು. ಉಲ್ಬಣಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು, ಎರಡೂ ಪ್ರಾಣಾಂತಿಕ. ವಯಸ್ಸಾಗಲಿ, ವ್ಯಾಯಾಮದ ಅಭ್ಯಾಸವಾಗಲಿ ಇದರಿಂದ ಕಾಪಾಡುವುದಿಲ್ಲ. ಕಾಪಾಡುವುದು ನಿಧಾನ. ವೈದ್ಯರು ಹೇಳುವ ನಿಯಮ ಸರಳವಾಗಿದೆ. ತಗ್ಗಿನಿಂದ ಹೊರಟವರು ಒಂದೇ ದಿನದಲ್ಲಿ ಏರಿ 2,750 ಮೀಟರಿಗಿಂತ ಮೇಲೆ ಮಲಗಬಾರದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು–ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಉಳಿಯಬೇಕು. ಹಗಲು ಎಷ್ಟು ಮೇಲೆ ಹೋಗಿ ಬಂದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ.

ವಿಮಾನ ಈ ನಿಯಮವನ್ನು ಕ್ಷಣಾರ್ಧದಲ್ಲಿ ಮುರಿಸಬಲ್ಲದು. ಬೊಲಿವಿಯಾದ ಲಾ ಪಾಸ್ ನಗರದ ಎಲ್ ಆಲ್ಟೊ ನಿಲ್ದಾಣ ಇರುವುದೇ 4,061 ಮೀಟರ್ ಎತ್ತರದಲ್ಲಿ. ಪೆರುವಿನ ಕುಸ್ಕೊ ಸುಮಾರು 3,400 ಮೀಟರ್. ಸಮುದ್ರಮಟ್ಟದಿಂದ ಹಾರಿಬಂದವರು ಅಲ್ಲಿ ಸೂಟ್‌ಕೇಸ್ ಎಳೆದುಕೊಂಡು ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತಾರೆ. ಕುಸ್ಕೊದಲ್ಲಿ ಇಳಿಯುವವರಿಗೆ ಒಂದು ಒಳ್ಳೆಯ ಉಪಾಯವಿದೆ: ನಗರದಲ್ಲಿ ಉಳಿಯದೆ ಅದೇ ದಿನ ರಸ್ತೆ ಹಿಡಿದು ಪವಿತ್ರ ಕಣಿವೆಗೆ ಇಳಿಯಿರಿ. ಅಲ್ಲಿನ ಒಯಾಂಟೈಟಾಂಬೊ ಸುಮಾರು 2,800 ಮೀಟರ್ ಎತ್ತರದಲ್ಲಿದೆ. ಮೇಲೆ ಹೇಳಿದ ಮಿತಿಗೆ ಇದೂ ಕೊಂಚ ಹೆಚ್ಚೇ, ಆದರೆ ಕುಸ್ಕೊಗಿಂತ 600 ಮೀಟರ್ ಕಡಿಮೆ. ಎರಡು ರಾತ್ರಿ ಅಲ್ಲಿ ಕಳೆದು ಆಮೇಲೆ ಕುಸ್ಕೊಗೆ ಬನ್ನಿ.

ಇನ್ನು ಕೆಲವು ನಿಲ್ದಾಣಗಳು ತಗ್ಗಿನಲ್ಲಿದ್ದು ‘ತೊಂದರೆಯಿಲ್ಲ’ ಎಂಬ ಭ್ರಮೆ ಹುಟ್ಟಿಸುತ್ತವೆ. ಕಿಲಿಮಂಜಾರೋ ನಿಲ್ದಾಣ 900 ಮೀಟರಿನ ಆಸುಪಾಸಿನಲ್ಲಿದೆ, ಶಿಖರ 5,895 ಮೀಟರ್. ಐದು ದಿನಗಳಲ್ಲಿ ಹತ್ತಿ ಇಳಿಸುವ ಕಾರ್ಯಕ್ರಮಗಳೂ ಮಾರಾಟಕ್ಕಿವೆ. ಅವನ್ನು ಆರಿಸಬೇಡಿ. ಏಳೆಂಟು ದಿನಗಳ ದಾರಿ ಆರಿಸಿ, ಅದಕ್ಕೆ ತಕ್ಕಂತೆ ಹೋಗುವ ಮತ್ತು ಮರಳುವ ತಾರೀಖು ಗುರುತಿಸಿ. ಅಷ್ಟು ರಜೆ ಇಲ್ಲವೆಂದರೆ ಆ ವರ್ಷ ತಗ್ಗಿನ ಬೆಟ್ಟವೊಂದಕ್ಕೆ ಹೋಗುವುದು ಮೇಲು. ಆಲ್ಪ್ಸ್‌ನ ಶಾಮೊನಿ ಊರು 1,035 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ನಡೆಯಲು ವಾರಗಟ್ಟಲೆ ದಾರಿಗಳಿವೆ.

ಈಗ ಹಿಂದಕ್ಕೆ ಎಣಿಸುವುದು ಹೇಗೆಂದು ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣವನ್ನೇ ಇಟ್ಟುಕೊಂಡು ನೋಡೋಣ. ನಡಿಗೆ ಶುರುವಾಗುವುದು ಲುಕ್ಲಾದಲ್ಲಿ, ಸುಮಾರು 2,850 ಮೀಟರ್ ಎತ್ತರದಲ್ಲಿ. ಅಲ್ಲಿನ ರನ್‌ವೇ ಉದ್ದ 527 ಮೀಟರ್, ಅದೂ ಬೆಟ್ಟದ ಇಳಿಜಾರಿನಲ್ಲಿ. ಮೋಡ ಕವಿದರೆ ಪೈಲಟ್ ಇಳಿಸುವುದಿಲ್ಲ, ಇಳಿಸಲೂ ಬಾರದು. ಜನ ಹೆಚ್ಚಿರುವ ತಿಂಗಳುಗಳಲ್ಲಿ ಲುಕ್ಲಾದ ಬಹುಪಾಲು ವಿಮಾನಗಳು ಕಠ್ಮಂಡುವಿನಿಂದ ಹೊರಡದೆ, ರಸ್ತೆಯಲ್ಲಿ ನಾಲ್ಕೈದು ಗಂಟೆ ದೂರದ ರಾಮೇಛಾಪ್‌ನಿಂದ ಹೊರಡುತ್ತವೆ. ಅಂದರೆ ನಡುರಾತ್ರಿ ಕಳೆದೊಡನೆ ವಾಹನ ಹತ್ತಬೇಕು. ನೀವು ಲುಕ್ಲಾದಿಂದ 10ನೇ ತಾರೀಖು ನಡೆಯಲು ಶುರು ಮಾಡಬೇಕೆಂದಿದ್ದರೆ, ಲುಕ್ಲಾ ಟಿಕೆಟ್ 9ಕ್ಕಿರಲಿ, ಮೋಡಕ್ಕೆಂದು ಒಂದು ದಿನ ಕೈಯಲ್ಲಿ ಉಳಿಯುತ್ತದೆ. 7 ಮತ್ತು 8 ಕಠ್ಮಂಡುವಿನಲ್ಲಿ: ಒಂದು ದಿನ ತಡವಾಗಿ ಬರಬಹುದಾದ ಬ್ಯಾಗಿಗೆ, ಇನ್ನೊಂದು ನಿದ್ದೆಗೆ ಮತ್ತು ಕಾಗದಪತ್ರಕ್ಕೆ. ಹಾಗಾದರೆ ದೊಡ್ಡ ವಿಮಾನ 6ರ ರಾತ್ರಿಯೊಳಗೆ ಕಠ್ಮಂಡುವಿನಲ್ಲಿ ಇಳಿದಿರಬೇಕು. ಟಿಕೆಟ್ ಹುಡುಕಾಟ ಇಲ್ಲಿಂದ ಶುರು.

3. ಟಿಕೆಟ್

ಒಂದೇ ಪಿಎನ್‌ಆರ್‌ನಲ್ಲಿ, ಅಂದರೆ ಒಂದೇ ಬುಕಿಂಗ್ ಸಂಖ್ಯೆಯಡಿ, ಕೊನೆಯ ದೊಡ್ಡ ನಿಲ್ದಾಣದವರೆಗೂ ಟಿಕೆಟ್ ತೆಗೆಯಿರಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ನಿಮ್ಮನ್ನು ಮುಂದಿನ ವಿಮಾನದಲ್ಲಿ ಕಳಿಸುವ ಹೊಣೆ ಆಗ ವಿಮಾನ ಸಂಸ್ಥೆಯದು. ಬೇರೆ ಬೇರೆ ಟಿಕೆಟ್‌ಗಳನ್ನು ನೀವೇ ಜೋಡಿಸಿಕೊಂಡಿದ್ದರೆ ಎರಡನೆಯ ಸಂಸ್ಥೆಯ ಕಣ್ಣಿಗೆ ನೀವು ಹೊತ್ತಿಗೆ ಬಾರದ ಪ್ರಯಾಣಿಕರು, ಅಷ್ಟೇ. ಆ ಟಿಕೆಟ್ ಹಣ ಹೋಗುತ್ತದೆ, ಅದರಲ್ಲಿ ವಾಪಸ್ ಪ್ರಯಾಣ ಇದ್ದರೆ ಅದೂ ರದ್ದಾಗಬಹುದು. ಬೇರೆ ಟಿಕೆಟ್ ಅನಿವಾರ್ಯವಾದರೆ ನಡುವೆ ಒಂದು ರಾತ್ರಿ ತಂಗಿ.

ಕನೆಕ್ಟಿಂಗ್ ಫ್ಲೈಟ್‌ಗೆ, ಅಂದರೆ ನಡುವೆ ವಿಮಾನ ಬದಲಿಸುವಲ್ಲಿ, ಸಂಸ್ಥೆಗಳು ಕೆಲವೊಮ್ಮೆ ಒಂದು ಗಂಟೆಯ ಅಂತರವಿರುವ ಟಿಕೆಟನ್ನೂ ಮಾರುತ್ತವೆ. ಒಂದು ಗಂಟೆಯಲ್ಲಿ ಓಡಿಹೋಗಿ ನೀವು ಹತ್ತಬಹುದು, ನಿಮ್ಮ ಬ್ಯಾಗ್ ಹತ್ತದಿರಬಹುದು. ಚಾರಣಿಗರಿಗೆ ಎರಡೂವರೆಯಿಂದ ನಾಲ್ಕು ಗಂಟೆ ಅಂತರ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಅಮೆರಿಕದ ಮೂಲಕ ಹೋಗುವವರು ಇನ್ನೊಂದು ವಿಷಯ ತಿಳಿದಿರಬೇಕು. ದಕ್ಷಿಣ ಅಮೆರಿಕಕ್ಕೆ ಹೋಗಲು ಅಲ್ಲಿ ವಿಮಾನ ಬದಲಿಸುವುದಷ್ಟೇ ನಿಮ್ಮ ಕೆಲಸವಾದರೂ ಆ ದೇಶದ ವಲಸೆ ತಪಾಸಣೆ ದಾಟಲೇಬೇಕು. ನಿಮ್ಮ ದೇಶದವರಿಗೆ ಅಲ್ಲಿ ವೀಸಾ ಬೇಕೆಂದಿದ್ದರೆ ಬದಲಿಸುವ ಎರಡು ಗಂಟೆಗೂ ಬೇಕು. ಬೇರೆ ಹಲವು ದೇಶಗಳಲ್ಲೂ ಕೆಲವು ಪಾಸ್‌ಪೋರ್ಟ್‌ಗಳವರಿಗೆ ಟ್ರಾನ್ಸಿಟ್ ವೀಸಾ, ಅಂದರೆ ದಾಟಿಹೋಗಲು ಪಡೆಯುವ ಅನುಮತಿ, ಕಡ್ಡಾಯ. ಹಣ ಕಟ್ಟುವ ಮುಂಚೆ ಆಯಾ ದೇಶದ ರಾಯಭಾರ ಕಚೇರಿಯ ಜಾಲತಾಣ ನೋಡಿ.

ಟಿಕೆಟ್‌ನಲ್ಲಿ ಎಲ್ಲ ಹೊತ್ತೂ ಆಯಾ ಊರಿನ ಗಡಿಯಾರದ್ದು. ಇಳಿಯುವ ಹೊತ್ತಿನ ಪಕ್ಕದಲ್ಲಿ ‘+1’ ಎಂದಿದ್ದರೆ ಮರುದಿನ, ‘+2’ ಎಂದಿದ್ದರೆ ಅದರ ಮರುದಿನ. ಈ ಸಣ್ಣ ಗುರುತು ಕಣ್ಣು ತಪ್ಪಿ ಮೊದಲ ರಾತ್ರಿಯ ಕೋಣೆಯನ್ನು ತಪ್ಪು ದಿನಕ್ಕೆ ಕಾಯ್ದಿರಿಸಿದವರು ಬಹಳ ಮಂದಿ.

4. ಕಾಗದಪತ್ರ, ಚುಚ್ಚುಮದ್ದು, ವಿಮೆ

ಪಾಸ್‌ಪೋರ್ಟ್ ಇನ್ನೂ ಆರು ತಿಂಗಳು ಊರ್ಜಿತವಾಗಿರಬೇಕು ಎಂಬುದು ಅನೇಕ ದೇಶಗಳ ನಿಯಮ. ಟಿಕೆಟ್, ವೀಸಾ, ಪರವಾನಗಿ ಮೂರರಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ಅಕ್ಷರ ಬಿಡದೆ ಇರಲಿ.

ಹಳದಿ ಜ್ವರದ ಲಸಿಕೆ ವಿಷಯದಲ್ಲಿ ಎಡವುವುದು ಸುಲಭ. ಟಾಂಜಾನಿಯಾ ಈ ಪ್ರಮಾಣಪತ್ರ ಕೇಳುವುದು ಆ ಜ್ವರವಿರುವ ದೇಶದಿಂದ ಬಂದವರನ್ನು. ಆದರೆ ಅಂಥ ದೇಶದ ನಿಲ್ದಾಣದಲ್ಲಿ ವಿಮಾನ ಬದಲಿಸಲು 12 ಗಂಟೆಗಿಂತ ಹೆಚ್ಚು ಕಾದಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತವಾಗುತ್ತದೆ; 2016ರ ಜುಲೈಯಿಂದ ಅದು ಜೀವನಪೂರ್ತಿ ನಡೆಯುತ್ತದೆ. ಹೊರಡುವ ಹಿಂದಿನ ವಾರ ಹಾಕಿಸಿಕೊಂಡರೆ ಪ್ರಯೋಜನವಿಲ್ಲ.

ವಿಮೆಯ ಪತ್ರವನ್ನು ಕೊನೆಯ ಪುಟದವರೆಗೂ ಓದಿ ಎಂದು ಕೈಮುಗಿದು ಕೇಳುತ್ತೇನೆ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಎತ್ತರದ ಮಿತಿ ಇರುತ್ತದೆ. ಮಿತಿ 3,000 ಮೀಟರ್ ಎಂದಿದ್ದು ನೀವು 4,200 ಮೀಟರಿನಲ್ಲಿ ಕಾಯಿಲೆ ಬಿದ್ದರೆ ಆ ಪತ್ರ ನಿಮ್ಮ ಪಾಲಿಗೆ ಬರಿಯ ಕಾಗದ. ನೋಡಬೇಕಾದ್ದು ನಾಲ್ಕು: ನಿಮ್ಮ ದಾರಿಯ ಅತಿ ಎತ್ತರದ ಜಾಗ ಮಿತಿಯೊಳಗಿದೆಯೇ, ಹೆಲಿಕಾಪ್ಟರ್ ರಕ್ಷಣೆ ಸೇರಿದೆಯೇ, ಹಗ್ಗ ಮತ್ತು ಹಿಮಗೊಡಲಿ ಬಳಸುವ ಆರೋಹಣವನ್ನು ಹೊರಗಿಟ್ಟಿದ್ದಾರೆಯೇ, ಹೆಲಿಕಾಪ್ಟರ್ ಕರೆಸುವ ಮುಂಚೆ ವಿಮಾ ಸಂಸ್ಥೆಯ ತುರ್ತು ಸಂಖ್ಯೆಗೆ ಕರೆ ಮಾಡಲೇಬೇಕೆಂಬ ಷರತ್ತಿದೆಯೇ. ಆ ಸಂಖ್ಯೆಯನ್ನು ಮೊಬೈಲಿನಲ್ಲಷ್ಟೇ ಇಟ್ಟುಕೊಳ್ಳಬೇಡಿ, ಚಳಿಗೆ ಬ್ಯಾಟರಿ ಸತ್ತುಹೋಗುತ್ತದೆ. ಚೀಟಿಯಲ್ಲಿ ಬರೆದು ಪಾಸ್‌ಪೋರ್ಟಿನ ಹೊದಿಕೆಯೊಳಗೆ ಸಿಕ್ಕಿಸಿ, ನಿಮ್ಮ ಮಾರ್ಗದರ್ಶಿಗೂ ಒಂದು ಪ್ರತಿ ಕೊಡಿ.

5. ಬ್ಯಾಗ್ ಕಟ್ಟುವುದು

ಬೂಟು ಕಾಲಿನಲ್ಲೇ ಇರಲಿ. ಜಾಕೆಟ್, ಟೆಂಟು, ಮಲಗುವ ಚೀಲ ಎಲ್ಲವೂ ಚಾರಣದ ಊರುಗಳಲ್ಲಿ ಬಾಡಿಗೆಗೆ ಸಿಗುತ್ತವೆ. ತಿಂಗಳುಗಟ್ಟಲೆ ನಡೆದು ನಿಮ್ಮ ಪಾದಕ್ಕೆ ಪಳಗಿದ ಬೂಟು ಸಿಗುವುದಿಲ್ಲ. ಒಮ್ಮೆ ನನ್ನ ಚೆಕ್-ಇನ್ ಬ್ಯಾಗ್ ಮೂರು ದಿನ ತಡವಾಗಿ ಬಂತು. ಬೂಟು ಕಾಲಿನಲ್ಲಿದ್ದುದರಿಂದ ಉಳಿದದ್ದನ್ನು ಬಾಡಿಗೆಗೆ ಪಡೆದು ನಡೆದೆ. ಬೂಟಿನ ಜೊತೆಗೆ ಒಂದು ಬೆಚ್ಚನೆಯ ಜಾಕೆಟ್, ಮಳೆಯಂಗಿ, ಎರಡು ಜೊತೆ ಕಾಲುಚೀಲ, ನಿಮ್ಮ ಔಷಧಗಳು, ಎಲ್ಲ ಕಾಗದಪತ್ರ ಕ್ಯಾಬಿನ್ ಬ್ಯಾಗಿನಲ್ಲಿರಬೇಕು.

ಲಿಥಿಯಂ ಬ್ಯಾಟರಿಯ ನಿಯಮ ತಿಳಿಯದೆ ತಪಾಸಣೆಯ ಸಾಲಿನಲ್ಲಿ ಪರದಾಡುವವರನ್ನು ಪ್ರತಿಬಾರಿಯೂ ನೋಡುತ್ತೇನೆ. ಪವರ್ ಬ್ಯಾಂಕ್ ಮತ್ತು ಬಿಡಿ ಬ್ಯಾಟರಿಗಳನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಯಲ್ಲೇ ಒಯ್ಯಬೇಕು. ಮಿತಿಯನ್ನು ವ್ಯಾಟ್-ಅವರ್ ಎಂಬ ಅಳತೆಯಲ್ಲಿ ಹೇಳುತ್ತಾರೆ: 100 ವ್ಯಾಟ್-ಅವರ್‌ವರೆಗೆ ಅಡ್ಡಿಯಿಲ್ಲ, 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದಕ್ಕಿಂತ ಮೇಲಿನದು ಪ್ರಯಾಣಿಕರಿಗೆ ನಿಷಿದ್ಧ. ಲೆಕ್ಕ ಸುಲಭ. 20,000 ಮಿಲಿಆಂಪ್-ಅವರ್ ಎಂದಿದ್ದರೆ ಸಾವಿರದಿಂದ ಭಾಗಿಸಿ 20, ಅದನ್ನು 3.7 ವೋಲ್ಟಿನಿಂದ ಗುಣಿಸಿದರೆ 74 ವ್ಯಾಟ್-ಅವರ್. ಮೈಮೇಲಿನ ಅಕ್ಷರ ಅಳಿಸಿಹೋಗಿರುವ ಹಳೆಯ ಪವರ್ ಬ್ಯಾಂಕನ್ನು ಒಯ್ಯಬೇಡಿ. ಅಳತೆ ಓದಲಾಗದಿದ್ದರೆ ಅಧಿಕಾರಿ ಕಿತ್ತುಕೊಳ್ಳಬಹುದು. ಕೆಲವು ಸಂಸ್ಥೆಗಳು ಹಾರಾಟದ ವೇಳೆ ಪವರ್ ಬ್ಯಾಂಕ್ ಬಳಸುವುದನ್ನೂ ನಿಷೇಧಿಸಿವೆ.

ಅಡುಗೆಯ ಗ್ಯಾಸ್ ಡಬ್ಬಿ ಕೈಚೀಲದಲ್ಲೂ ಇಲ್ಲ, ಕೆಳಗಿನ ಲಗೇಜಿನಲ್ಲೂ ಇಲ್ಲ. ತಲುಪಿದ ಮೇಲೆ ಕೊಳ್ಳಿ. ಬಳಸಿದ ಸ್ಟೌವಿನಲ್ಲಿ ಇಂಧನದ ವಾಸನೆ ಉಳಿದಿದ್ದರೆ ಅದನ್ನೂ ತಡೆಯುತ್ತಾರೆ. ಕರಡಿಯನ್ನು ಓಡಿಸುವ ಸ್ಪ್ರೇ ನಿಷಿದ್ಧ. ಹಿಮಗೊಡಲಿ, ಬೂಟಿಗೆ ಕಟ್ಟುವ ಮುಳ್ಳುಪಟ್ಟಿ, ಊರುಗೋಲು ಇವೆಲ್ಲ ಚೆಕ್-ಇನ್ ಬ್ಯಾಗಿಗೆ. ಮೊನೆಗಳಿಗೆ ರಬ್ಬರ್ ಟೊಪ್ಪಿಗೆ ಹಾಕಿ. ಹಿಮಕುಸಿತದಲ್ಲಿ ಉಬ್ಬುವ ಗಾಳಿಚೀಲದ ಬೆನ್ನುಚೀಲ ಇದ್ದರೆ ಅದರ ಸಿಲಿಂಡರಿಗೆ ಸಂಸ್ಥೆಯ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಉಪಗ್ರಹ ಫೋನ್ ಅಥವಾ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಭಾರತವೂ ಸೇರಿದಂತೆ ಕೆಲವು ದೇಶಗಳಲ್ಲಿ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ. ವಿಮಾನ ಬದಲಿಸುವ ದೇಶದ ನಿಯಮವನ್ನೂ ನೋಡಿಕೊಳ್ಳಿ.

ತೂಕದಲ್ಲಿ ಗಮನಿಸಬೇಕಾದದ್ದು ಕೊನೆಯ ಸಣ್ಣ ವಿಮಾನದ ಮಿತಿ. ದೊಡ್ಡ ವಿಮಾನ 23 ಕಿಲೋದ ಎರಡು ಬ್ಯಾಗ್ ಬಿಟ್ಟರೂ ಲುಕ್ಲಾ ವಿಮಾನದಲ್ಲಿ ಸಾಮಾನ್ಯವಾಗಿ ಎಲ್ಲ ಸೇರಿ 15 ಕಿಲೋ. ಕಿಲಿಮಂಜಾರೋದಲ್ಲೂ ಹೊರೆಯಾಳಿಗೆ ನೀವು ಕೊಡುವ ಚೀಲ 15 ಕಿಲೋ ಮೀರಬಾರದೆಂದು ಹೆಚ್ಚಿನವರು ಹೇಳುತ್ತಾರೆ. ಆ ತೂಕ ಒಬ್ಬ ಮನುಷ್ಯನ ಬೆನ್ನ ಮೇಲೆ ಹೋಗುತ್ತದೆ, ಮನೆಯಲ್ಲೇ ತೂಗಿ ನೋಡಿ.

ನ್ಯೂಜಿಲೆಂಡಿಗೆ ಹೋಗುವವರು ಬೂಟು ತೊಳೆಯಲು ಒಂದು ಸಂಜೆ ಮೀಸಲಿಡಿ. ಹೊರಗಿನ ಮಣ್ಣು, ಬೀಜ, ರೋಗಾಣು ಒಳಬಾರದಂತೆ ಆ ದೇಶ ಕಟ್ಟುನಿಟ್ಟಾಗಿದೆ. ಬಳಸಿದ ಬೂಟು, ಟೆಂಟು ಇದ್ದರೆ ಇಳಿಯುವಾಗ ಘೋಷಿಸಲೇಬೇಕು, ಮುಚ್ಚಿಟ್ಟರೆ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಬರಿಯ ನೀರು ಹೊಯ್ದರೆ ಸಾಲದು. ಲೇಸ್ ಬಿಚ್ಚಿ, ಒಳಹಾಸು ತೆಗೆದು, ಅಟ್ಟೆಯ ಪ್ರತಿ ಸಂದಿಯಲ್ಲೂ ಗಟ್ಟಿಯಾಗಿ ಕೂತ ಮಣ್ಣನ್ನು ಕಡ್ಡಿಯಿಂದ ಎಬ್ಬಿಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸಾಬೂನು ನೀರಿನಲ್ಲಿ ಉಜ್ಜಿ. ನಾಲಿಗೆಯ ಮಡಿಕೆಯಲ್ಲಿ ಹುಲ್ಲಿನ ಬೀಜ ಅಡಗಿರುತ್ತದೆ, ಬೆರಳಾಡಿಸಿ ನೋಡಿ. ಟೆಂಟಿನ ಗೂಟಗಳನ್ನೂ ತೊಳೆದು, ಎಲ್ಲವನ್ನೂ ಪೂರ್ತಿ ಒಣಗಿಸಿ, ಬ್ಯಾಗಿನ ಮೇಲುಗಡೆಯೇ ಇಡಿ. ತೋರಿಸೆಂದಾಗ ಒಂದೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

6. ವಿಮಾನದೊಳಗೆ

ವಿಮಾನದೊಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದಲ್ಲಿರುವಷ್ಟು ಇರುತ್ತದೆ, ತೇವಾಂಶ ಶೇ. 20ಕ್ಕಿಂತ ಕಡಿಮೆ. ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಿರಿ, ಮದ್ಯ ಬೇಡ. ಈ ಹಾರಾಟದಿಂದ ಮೈ ಎತ್ತರಕ್ಕೆ ಒಗ್ಗಿತು ಎಂದುಕೊಳ್ಳಬೇಡಿ, ಅಷ್ಟು ಗಂಟೆಗಳು ಅದಕ್ಕೆ ಸಾಲವು.

ನಾಲ್ಕು ಗಂಟೆ ಮೀರಿದ ಹಾರಾಟದಲ್ಲಿ ಅಲುಗಾಡದೆ ಕೂತರೆ ಕಾಲಿನ ಆಳದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ವೈದ್ಯರು ಇದನ್ನು ಡಿವಿಟಿ ಎನ್ನುತ್ತಾರೆ. ನಡುದಾರಿಯ ಪಕ್ಕದ ಆಸನ ಕೇಳಿ, ಗಂಟೆ–ಎರಡು ಗಂಟೆಗೊಮ್ಮೆ ಎದ್ದು ನಡೆಯಿರಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ. ಮೊದಲು ಹೀಗೆ ಆಗಿದ್ದವರು, ಗರ್ಭಿಣಿಯರು, ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು ಹೊರಡುವ ಮುಂಚೆ ವೈದ್ಯರನ್ನು ಕಾಣಲಿ. ಚಾರಣಿಗರು ಇಲ್ಲಿ ಮೋಸಹೋಗುವ ಸಂಭವ ಹೆಚ್ಚು: ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ‘ನಡೆದ ನೋವು’ ಎಂದೂ, ಥಟ್ಟನೆ ಉಸಿರು ಕಟ್ಟಿದರೆ ‘ಎತ್ತರ’ ಎಂದೂ ತಳ್ಳಿಹಾಕುತ್ತಾರೆ. ದೂರದ ಹಾರಾಟದ ನಂತರದ ವಾರಗಳಲ್ಲಿ ಇವೆರಡೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು.

ಹೊತ್ತಿನ ವ್ಯತ್ಯಾಸಕ್ಕೆ ಮೈ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹೊಂದಿಕೊಳ್ಳುತ್ತದೆ. ಪೂರ್ವಕ್ಕೆ ಹಾರಿದರೆ ಕಷ್ಟ ಹೆಚ್ಚು. ಹಗಲು ಬಯಲಿನ ಬೆಳಕಿನಲ್ಲಿ ಓಡಾಡಿ. ಎತ್ತರದ ಊರಿನಲ್ಲಿ ಇಳಿಯುವವರು ನಿದ್ದೆ ಮಾತ್ರೆಯಿಂದ ದೂರವಿರಿ. ಕೆಲವು ಮಾತ್ರೆಗಳು ಉಸಿರಾಟವನ್ನೇ ಕುಗ್ಗಿಸುತ್ತವೆ.

7. ಇಳಿದ ಮೇಲೆ

ಬ್ಯಾಗ್ ಬಾರದಿದ್ದರೆ ನಿಲ್ದಾಣದಿಂದ ಹೊರಗೆ ಕಾಲಿಡುವ ಮುಂಚೆ ಅಲ್ಲೇ ದೂರು ಬರೆಸಿ. ಆ ದೂರುಪತ್ರವನ್ನು ಪಿಐಆರ್ ಎನ್ನುತ್ತಾರೆ. ಅದರ ಸಂಖ್ಯೆಯಿಂದಲೇ ಬ್ಯಾಗಿನ ಹುಡುಕಾಟ ನಡೆಯುವುದು. ಚಾರಣದಲ್ಲಿ ನಿಮ್ಮ ಫೋನ್ ಸಿಗುವುದಿಲ್ಲವಾದ್ದರಿಂದ ಊರಿನಲ್ಲೇ ಇರುವ ಹೋಟೆಲ್ ಅಥವಾ ಚಾರಣ ಸಂಸ್ಥೆಯ ಸಂಖ್ಯೆ ಕೊಡಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಹಾಳಾಗಿದ್ದರೆ ಕೈಗೆ ಬಂದ 7 ದಿನಗಳೊಳಗೆ, ತಡವಾಗಿದ್ದರೆ ಕೈಗೆ ಬಂದ 21 ದಿನಗಳೊಳಗೆ ಸಂಸ್ಥೆಗೆ ಬರಹದಲ್ಲಿ ದೂರು ತಲುಪಬೇಕು. ಹತ್ತು ದಿನ ಬೆಟ್ಟದಲ್ಲಿದ್ದು ಬಂದರೆ ಏಳು ದಿನದ ಗಡುವು ಮುಗಿದೇ ಹೋಗಿರುತ್ತದೆ, ಹಾಳಾದ ಬ್ಯಾಗಿನ ಪತ್ರವನ್ನು ಹತ್ತುವ ಮುಂಚೆಯೇ ಕಳಿಸಿ.

2,500 ಮೀಟರಿಗಿಂತ ಮೇಲೆ ತಲೆನೋವು ಬಂದರೆ ‘ಪ್ರಯಾಣದ ಆಯಾಸ’ ಎಂದುಕೊಳ್ಳದೆ, ಬೇರೆ ಕಾರಣ ಖಚಿತವಾಗುವವರೆಗೆ ಎತ್ತರದ ಕಾಯಿಲೆಯೆಂದೇ ಭಾವಿಸಿ, ಅಂದು ಇನ್ನೂ ಮೇಲೆ ಮಲಗಬೇಡಿ. ವಿಶ್ರಾಂತಿ ಪಡೆದರೂ ಏದುಸಿರು ನಿಲ್ಲದಿದ್ದರೆ, ನಡಿಗೆ ತಡವರಿಸಿದರೆ, ಮಾತು ಗೊಂದಲವಾದರೆ ರಾತ್ರಿಯಾಗಿದ್ದರೂ ಕೆಳಗಿಳಿಸಬೇಕು. ಅಸೆಟಜೋಲಮೈಡ್ ಎಂಬ ಮಾತ್ರೆಯನ್ನು ಮುಂಜಾಗ್ರತೆಗೆಂದು ಏರುವ ಹಿಂದಿನ ದಿನದಿಂದ ಕೊಡುವುದುಂಟು. ಸಲ್ಫಾ ಔಷಧಗಳು ಒಗ್ಗದವರಿಗೆ ಅಪಾಯವಾಗಬಹುದಾದ್ದರಿಂದ ವೈದ್ಯರ ಚೀಟಿ ಇಲ್ಲದೆ, ಜೊತೆಗಾರರು ಕೊಟ್ಟರೆಂದು ನುಂಗಬೇಡಿ.

8. ಮರಳುವ ದಿನ

ಬೆಟ್ಟದಿಂದ ಇಳಿಯುವ ದಿನವೇ ವಿಮಾನ ಹತ್ತುವಂತೆ ಟಿಕೆಟ್ ತೆಗೆಯಬೇಡಿ. ಲುಕ್ಲಾದಂಥ ಕಡೆಗೆ ಕನಿಷ್ಠ ಎರಡು ದಿನ, ರಸ್ತೆಯಿಂದ ತಲುಪುವ ಬೆಟ್ಟಗಳಿಗೆ ಒಂದು ದಿನ ಬಿಡುವಿರಲಿ. ಕೊನೆಯ ದಿನ ವಿಮಾನ ತಪ್ಪುತ್ತದೆಂಬ ಆತಂಕದಲ್ಲೇ ಜನ ಕತ್ತಲಲ್ಲಿ ಇಳಿಯುತ್ತಾರೆ, ಹವೆ ಕೆಟ್ಟಿದ್ದರೂ ಹೊರಡುತ್ತಾರೆ. ತಾರೀಖು ಬದಲಿಸಲು ಬರುವ ಟಿಕೆಟ್‌ಗೆ ಸ್ವಲ್ಪ ಹೆಚ್ಚು ಕೊಡಬೇಕಾದರೂ ಮರಳುವ ಪ್ರಯಾಣದ ಮಟ್ಟಿಗೆ ಅದನ್ನೇ ತೆಗೆಯಿರಿ.

ಉಳಿದ ಗ್ಯಾಸ್ ಡಬ್ಬಿಯನ್ನು ಹತ್ತಲು ಹೊರಟಿರುವ ಯಾರಿಗಾದರೂ ಕೊಟ್ಟುಬಿಡಿ. ಒದ್ದೆ ಟೆಂಟನ್ನು ಬಿಡುವಿನ ದಿನ ಒಣಗಿಸಿಕೊಳ್ಳಿ, ತೂಕ ಇಳಿಯುತ್ತದೆ. ಬೋರ್ಡಿಂಗ್ ಪಾಸ್, ಬ್ಯಾಗಿನ ಚೀಟಿ, ಬಾಡಿಗೆ ಮತ್ತು ಆಸ್ಪತ್ರೆಯ ರಸೀದಿಗಳನ್ನು ವಿಮೆಯ ಹಣ ಕೈಸೇರುವವರೆಗೂ ಒಂದೇ ಲಕೋಟೆಯಲ್ಲಿ ಇಟ್ಟುಕೊಂಡಿರಿ.